ನಾಳೆ ಊರು ಸೇರುವ ಮುಂಚೆ



ಇದನ್ನು ಜಗಳೂರಿನ ಒಂದು ದೇವಸ್ಥಾನದ ಜಗಲಿ ಮೇಲೆ ಕುಂತು ಬರೆಯುತ್ತಿದ್ದೇನೆ. ತಾರೀಖು 2025ರ ಜನವರಿ 9. ಸೈಕಲ್ಲು ಕಂಬಕ್ಕೆ ಒರಗಿದೆ. 2024ರ ಡಿಸೆಂಬರ್ 18ಕ್ಕೆ ಮನೆ ಬಿಟ್ಟವನು, ಇವತ್ತಿಗೆ ಇಪ್ಪತ್ತಮೂರು ದಿನ ಆಯಿತು. ನಾಳೆ ಸಂಜೆಯೊಳಗೆ ಚಳ್ಳಕೆರೆ ದಾಟಿ ನಮ್ಮೂರು ಸೇರುತ್ತೇನೆ.

ಚಳ್ಳಕೆರೆಯಿಂದ ಬಳ್ಳಾರಿ, ಕಂಪ್ಲಿ, ಗಂಗಾವತಿ, ಕುಷ್ಟಗಿ, ಇಳಕಲ್ಲು, ಹುನಗುಂದ, ಕೃಷ್ಣಾ ನದಿ ದಾಟಿ ವಿಜಯಪುರ, ಇಂಡಿ. ಅಲ್ಲಿಂದ ತಿರುಗಿ ಬಾಗಲಕೋಟೆ, ಬಾದಾಮಿ, ರೋಣ, ಗದಗ, ಮುಂಡರಗಿ, ಹೂವಿನಹಡಗಲಿ, ಹರಪನಹಳ್ಳಿ, ಈಗ ಜಗಳೂರು. ಒಳದಾರಿ ಸೇರಿ ಸುಮಾರು 900 ಕಿಲೋಮೀಟರ್ ತುಳಿದಿದ್ದೇನೆ, ಒಬ್ಬನೇ. ಸೈಕಲ್ಲು ನನ್ನ ಹಳೇ ಅಟ್ಲಾಸ್. ಒಂದು ಟೈರು, ಎರಡು ಟ್ಯೂಬು ಬದಲಾಯಿಸಿದೆ. ಪಂಚರ್ ಆದದ್ದು ಹನ್ನೊಂದು ಸಲ, ಹೆಚ್ಚಿನವು ಬಳ್ಳಾರಿ ಜಾಲಿ ಮುಳ್ಳಿನಿಂದ. ಹೋಗುವಾಗ ಮೂಡಣ ಗಾಳಿ ಎದೆಗೆ ಹೊಡೆಯುತ್ತಿತ್ತು, ಬರುವಾಗ ಅದೇ ಗಾಳಿ ಬೆನ್ನು ತಳ್ಳಿತು.

ಸಾಹಸ ಮಾಡಿದೆ ಅಂತ ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಮ್ಮಂಥ ಮಳೆಯಾಶ್ರಿತ ರೈತರು ಪ್ರವಾಸ ಹೋಗುವ ಕ್ರಮವೇ ತಪ್ಪು ಅಂತ ನನಗೆ ಈ ದಾರಿಯಲ್ಲಿ ಗಟ್ಟಿಯಾಯಿತು. ಮನೆ ಸೇರಿದ ಮೇಲೆ ಕೆಲಸದಲ್ಲಿ ಮರೆತುಹೋಗುತ್ತದೆ. ಅದಕ್ಕೇ ಇಲ್ಲೇ ಬರೆದು ಮುಗಿಸುತ್ತಿದ್ದೇನೆ.

ಹೊರಟದ್ದು ಯಾಕೆ

ನನಗೆ ಒಂಬತ್ತು ಎಕರೆ ಕೆಂಪು ಜಮೀನಿದೆ. ಶೇಂಗಾ ಹಾಕುತ್ತೇವೆ. ಬೋರು ಮೂರು ಕೊರೆಸಿದ್ದೇನೆ. ಮೊದಲನೇದು ನಾಲ್ಕು ವರ್ಷ ನೀರು ಕೊಟ್ಟು ನಿಂತಿತು. ಎರಡನೇದರಲ್ಲಿ ಬಂದದ್ದು ಬರೀ ಧೂಳು. ಮೂರನೇದಕ್ಕೆ ಒಂದೂ ಮುಕ್ಕಾಲು ಲಕ್ಷ ಬಿತ್ತು, ಅದರಲ್ಲಿ ಬಂದ ನೀರು ಎಮ್ಮೆಗೆ ಸಾಲುತ್ತಿತ್ತು, ಹೊಲಕ್ಕಲ್ಲ. ಈಗ ಮಗ ನಾಲ್ಕನೇದು ಹಾಕಿಸೋಣ ಅನ್ನುತ್ತಾನೆ. ದುಡ್ಡಿಲ್ಲ, ನಾಲ್ಕು ಎಕರೆ ಅಡ ಇಟ್ಟು ಸಾಲ ತರಬೇಕು. ಬೋರ್ ಲಾರಿಯವನಿಗೆ ಮಾತು ಕೊಟ್ಟಿದ್ದಾನೆ, ಸಂಕ್ರಾಂತಿ ಕಳೆದ ಮೇಲೆ ಬರುತ್ತಾನಂತೆ.

ನಾನು ಬೇಡ ಅಂದೆ. ಅವನು, "ಬೇಡ ಅಂದ್ರೆ ಏನ್ ಮಾಡ್ಬೇಕು ಅದನ್ನೂ ನೀನೇ ಹೇಳಪ್ಪಾ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರ ಅಂತ ಸರ್ಕಾರವೇ ಘೋಷಣೆ ಮಾಡಿದ ವರ್ಷ ನಮಗೆ ಬೀಜದಷ್ಟೂ ಶೇಂಗಾ ಬರಲಿಲ್ಲ. ಆ ಸಾಲ ಇನ್ನೂ ತಲೆ ಮೇಲಿದೆ. ಹಾಗಿರುವಾಗ ಅವನ ಮಾತು ತಪ್ಪು ಅನ್ನೋದು ಹೇಗೆ?

"ಒಂದು ತಿಂಗಳು ಟೈಮ್ ಕೊಡು. ನಮ್ಮಷ್ಟೇ ಮಳೆ ಇರೋರು ಬೋರಿಲ್ಲದೆ ಹೆಂಗೆ ಬದುಕ್ತಾರೆ ನೋಡ್ಕಂಡು ಬರ್ತೀನಿ" ಅಂತ ಹೇಳಿ ಹೊರಟೆ.

ಬಸ್ಸಿನ ಪ್ರವಾಸ, ಸೈಕಲ್ ಪ್ರವಾಸ

ದೇಶ ಸುತ್ತಬೇಕು ಇಲ್ಲಾ ಕೋಶ ಓದಬೇಕು ಅನ್ನುತ್ತಾರೆ. ನಾನು ಓದಿದ್ದು ಏಳನೇ ಕ್ಲಾಸು, ಹಾಗಾಗಿ ಸುತ್ತುವುದೇ ಸುಲಭ. ಅಧ್ಯಯನ ಪ್ರವಾಸ ಅಂತ ಎರಡು ಸಲ ಬಸ್ಸಿನಲ್ಲೂ ಹೋಗಿದ್ದೇನೆ. ತೋರಿಸಿದ್ದೆಲ್ಲಾ ದ್ರಾಕ್ಷಿ ತೋಟ, ದಾಳಿಂಬೆ ತೋಟ, ಹನಿ ನೀರಾವರಿ, ಪಾಲಿ ಹೌಸು. ನೋಡಿದವರಿಗೆ ಖುಷಿಯೇ. ಆದರೆ ತಿರುಗಿ ಬಂದ ಪ್ರತಿಯೊಬ್ಬನ ತಲೆಯಲ್ಲೂ ಉಳಿಯುವುದು ಒಂದೇ ಮಾತು: "ನನಗೂ ನೀರಿದ್ದಿದ್ರೆ." ನಮ್ಮೂರಿನಿಂದ ಆ ಬಸ್ಸಿನಲ್ಲಿ ಹೋದ ಹನ್ನೆರಡು ಜನರಲ್ಲಿ ಏಳು ಜನ ಮುಂದಿನ ವರ್ಷ ಬೋರು ಕೊರೆಸಿದರು. ಅವರಲ್ಲಿ ನಾನೂ ಒಬ್ಬ. ಪ್ರವಾಸ ಏರ್ಪಡಿಸಿದವರು ಕೊರೆಸಿ ಅನ್ನಲಿಲ್ಲ. ಆದರೆ ನೋಡಿದ್ದೇ ಅದಾದರೆ ಬೇರೆ ಏನು ಹೊಳೆಯುತ್ತದೆ?

ಬಸ್ಸು ನಿಲ್ಲುವುದು ಮೊದಲೇ ಗೊತ್ತು ಮಾಡಿದ ಹೊಲದಲ್ಲಿ. ಸೈಕಲ್ಲು ಬೇಕಾದಲ್ಲಿ ನಿಲ್ಲುತ್ತದೆ. ಒಬ್ಬನೇ ಹೋದರೆ ಇನ್ನೊಂದು ಲಾಭ, ಜನ ಹೆದರುವುದಿಲ್ಲ. ಐವತ್ತು ದಾಟಿದವನು ಬೆವರಿಳಿಸಿಕೊಂಡು ಬಂದು ಹೊಲದ ದಡದಲ್ಲಿ ನಿಂತರೆ, "ಯಾವೂರ್ರೀ ಯಜಮಾನ್ರ? ಬರ್ರಿ, ಚಾ ಕುಡೀರಿ" ಅನ್ನದ ಮನೆ ನನಗೆ ಈ ದಾರಿಯಲ್ಲಿ ಸಿಗಲಿಲ್ಲ. ಕುಂತರೆ ಸಾಲ ಎಷ್ಟಿದೆ ಅನ್ನುವುದನ್ನೂ ಹೇಳುತ್ತಾರೆ. ಬಸ್ಸಿನಲ್ಲಿ ಬಂದ ಐವತ್ತು ಜನರ ಮುಂದೆ ಯಾವ ರೈತ ಸಾಲ ಹೇಳುತ್ತಾನೆ?

ಕಂಡದ್ದು

ಗಂಗಾವತಿ ಸೀಮೆಯ ಭತ್ತದ ಗದ್ದೆ ನೋಡಿ ಮೊದಲು ಹೊಟ್ಟೆಕಿಚ್ಚು ಬಂತು. ತುಂಗಭದ್ರಾ ಎಡದಂಡೆ ಕಾಲುವೆ ನೀರು. ಆದರೆ ಅಲ್ಲಿನವರು ಹೇಳಿದ್ದು ಬೇರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ವಾರವಿಡೀ ನಿದ್ದೆ ಮಾಡಲಿಲ್ಲವಂತೆ. ಅತಿ ನೀರು ಕುಡಿದ ಕಡೆ ಜಮೀನು ಜವಳಾಗಿ ಉಪ್ಪು ಮೇಲೆ ಬಂದದ್ದನ್ನೂ ತೋರಿಸಿದರು. ನೀರಿಲ್ಲದವನಿಗೆ ಒಂದು ಭಯ, ನೀರಿದ್ದವನಿಗೆ ಇನ್ನೊಂದು ಭಯ. ಅಲ್ಲಿ ನಾನು ಕಲಿಯುವುದು ಹೆಚ್ಚಿರಲಿಲ್ಲ, ಮುಂದೆ ಹೋದೆ.

ಹುನಗುಂದದ ಕಡೆ ಎರೆಹೊಲದಲ್ಲಿ ಎದೆಯೆತ್ತರದ ಒಡ್ಡು ನೋಡಿದೆ. ಒಡ್ಡು ನಮ್ಮಲ್ಲೂ ಇವೆ, ಆದರೆ ನಮ್ಮವು ಮಳೆ ಜೋರಾದರೆ ಒಡೆಯುತ್ತವೆ. ಅಲ್ಲಿ ಪ್ರತಿ ಒಡ್ಡಿಗೂ ಹೆಚ್ಚಾದ ನೀರು ಇಳಿಯಲು ಕಲ್ಲು ಜೋಡಿಸಿದ ಕೋಡಿ ಇದೆ. ಮೇಲಿನ ಹೊಲದ ನೀರು ಮಣ್ಣು ಬಿಟ್ಟು ಕೆಳಗಿನ ಹೊಲಕ್ಕೆ ಬರೀ ನೀರಾಗಿ ಇಳಿಯುತ್ತದೆ. ಒಡ್ಡಿನ ಗುಟ್ಟು ಇರುವುದು ಕೋಡಿಯಲ್ಲಿ. ಇಷ್ಟು ವರ್ಷ ನಾನು ಒಡ್ಡು ಕಟ್ಟಿದ್ದೇ ಕಟ್ಟಿದ್ದು, ಕೋಡಿ ಇಟ್ಟಿರಲಿಲ್ಲ.

ವಿಜಯಪುರದ ಕಡೆ ಬಿಳಿಜೋಳ ತೆನೆ ಕಟ್ಟುವ ಹೊತ್ತು. ಮುಂಗಾರಿನಲ್ಲಿ ಹೊಲ ಬಿತ್ತದೆ, ಹತ್ತು ಹದಿನೈದು ಅಡಿಯ ಚೌಕು ಮಡಿ ಮಾಡಿ ಬಿದ್ದ ಮಳೆ ಬಿದ್ದಲ್ಲೇ ಇಂಗಿಸುತ್ತಾರೆ. ಆಮೇಲೆ ಉತ್ತರಿ, ಹಸ್ತ ಮಳೆಗೆ ಬಿತ್ತುತ್ತಾರೆ. ಜೋಳ ಮಣ್ಣಿನೊಳಗಿನ ತೇವದಲ್ಲೇ ಬೆಳೆಯುತ್ತದೆ. ತಳಿ ಎಂ 35-1, 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಮಾಲದಂಡಿ ಜೋಳದಿಂದ ಆಯ್ದದ್ದು. ನಮ್ಮ ಟಿಎಂವಿ-2 ಶೇಂಗಾ 1940ರಲ್ಲಿ ತಿಂಡಿವನದಿಂದ ಬಂದದ್ದು, ಅದೂ ಹಳೆಯದೇ. ಮಳೆ ನಂಬಿದ ಹೊಲದಲ್ಲಿ ಹಳೇ ತಳಿ ಇಷ್ಟು ವರ್ಷ ನಿಂತಿದೆ ಅಂದರೆ ಅದಕ್ಕೆ ಕಾರಣ ಇರಲೇಬೇಕು.

ಡಿಸೆಂಬರ್ 30, ಎಳ್ಳಮಾವಾಸ್ಯೆ ದಿನ ಇಂಡಿ ಹತ್ತಿರ ಒಬ್ಬರ ಹೊಲದಲ್ಲಿದ್ದೆ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಪಲ್ಲೆ, ಹೋಳಿಗೆ ಬಡಿಸಿದರು. ಯಜಮಾನರಿಗೆ ಅರವತ್ತು ದಾಟಿದೆ. ಹೊಲ ಕನ್ನಡಿ ಹಾಗಿದೆ, ಒಡ್ಡು ಸರಿಯಿದೆ, ಜೋಳ ಆಳೆತ್ತರ. ಮೂವರು ಗಂಡುಮಕ್ಕಳಲ್ಲಿ ಇಬ್ಬರು ಪುಣೆ, ಒಬ್ಬ ಗೋವಾ. ನಾನು ಹೊಲ ಹೊಗಳಿದಾಗ ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ: "ಒಡ್ಡು ನೀರ್ ನಿಲ್ಲಸ್ತದ್ರಿ, ಮಕ್ಕಳನ್ನ ನಿಲ್ಲಸಂಗಿಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಗ ಬೋರು ಕೇಳುವುದು ಆಸೆಗಲ್ಲ, ಊರಲ್ಲಿ ಉಳಿಯಲು ಒಂದು ನೆಪ ಕೇಳುತ್ತಿದ್ದಾನೆ ಅನ್ನಿಸಿತು. ಅವನ ಜೊತೆಯವರೆಲ್ಲಾ ಬೆಂಗಳೂರು ಸೇರಿದ್ದಾರೆ. ಇದು ಮನೆಯಲ್ಲಿ ಕುಂತಿದ್ದರೆ ನನಗೆ ಹೊಳೆಯುತ್ತಿರಲಿಲ್ಲ.

ರೋಣದ ಕಡೆ ಎರೆಹೊಲಕ್ಕೆ ಉಸುಕು ಹೊದಿಸಿದ್ದನ್ನು ನೋಡಿದೆ. ಹಳ್ಳದ ಉಸುಕು ತಂದು ಹೊಲದ ಮೇಲೆ ಹರಡುತ್ತಾರೆ. ಮಳೆ ಹನಿ ಮಣ್ಣಿಗೆ ಹೊಡೆಯುವುದಿಲ್ಲ, ನೀರು ಇಂಗುತ್ತದೆ, ನೆಲ ಬಿರುಕು ಬಿಡುವುದಿಲ್ಲ, ತೇವ ಬಹಳ ದಿನ ಉಳಿಯುತ್ತದೆ. ಹೆಸರು ತೆಗೆದು ಕಡಲೆ, ಜೋಳ ಹಾಕುತ್ತಾರೆ. ಒಳ್ಳೇದೇ. ಆದರೆ ಈಗ ಉಸುಕಿಗೆ ದುಡ್ಡು ಜಾಸ್ತಿ, ಎಲ್ಲರೂ ಹಳ್ಳ ತೋಡಿದರೆ ಹಳ್ಳದ ಗತಿ ಏನು? ಮೇಲಾಗಿ ನಮ್ಮದು ಮೊದಲೇ ಮರಳು ಮಿಶ್ರಿತ ಕೆಂಪು ನೆಲ. ನೋಡಿದ್ದನ್ನೆಲ್ಲಾ ಹೊತ್ತು ತರಲು ಆಗುವುದಿಲ್ಲ.

ಪುಸ್ತಕದ ಪುಟ ಎಣಿಸಿದಾಗ

ಹರಪನಹಳ್ಳಿಯಲ್ಲಿ ಒಂದು ಸಂಜೆ ಹೊತ್ತು ಹೋಗದೆ ನನ್ನ ಬರೆಯುವ ಪುಸ್ತಕ ತಿರುವಿ ಹಾಕಿದೆ. ಮೊದಲ ಹದಿನಾರು ದಿನಕ್ಕೆ ಐವತ್ತೆರಡು ಪುಟ ಬರೆದಿದ್ದೆ. ಗದಗ ದಾಟಿದ ಮೇಲಿನ ನಾಲ್ಕು ದಿನಕ್ಕೆ ಎರಡೇ ಪುಟ. ಅದರಲ್ಲೂ ಅರ್ಧ ಖರ್ಚಿನ ಲೆಕ್ಕ.

ಯಾಕೆ ಹೀಗಾಯಿತು? ಹೊಲ ಕಡಿಮೆ ಇದ್ದವಾ? ಇಲ್ಲ. ನಾನೇ ನಿಲ್ಲಿಸಿರಲಿಲ್ಲ. ಊರು ಹತ್ತಿರ ಬಂತು ಅಂತ ಕಾಲು ತಾನಾಗಿ ಜೋರು ತುಳಿಯುತ್ತಿತ್ತು. ಮನೆ ಮುದ್ದೆ, ಮನೆ ಹಾಸಿಗೆ, ಮೊಮ್ಮಗಳ ಮುಖ ಕಣ್ಣಿಗೆ ಬರುತ್ತಿದ್ದವು. ಸೀಟಿನಿಂದ ಹಿಂದೆಲ್ಲಾ ಹುಣ್ಣಾಗಿತ್ತು, ಮಂಡಿ ಹಿಡಿದುಕೊಂಡಿತ್ತು. ಇವು ನಿಜವಾದ ಕಾರಣವೇ. ಆದರೆ ದೊಡ್ಡ ಕಾರಣ ಬೇರೆ: ಇದು ನಮ್ಮ ಸೀಮೆ, ಇಲ್ಲಿ ನೋಡುವುದು ಏನಿದೆ, ಎಲ್ಲಾ ಗೊತ್ತಿರುವುದೇ ಅನ್ನುವ ಸೊಕ್ಕು. ಮಣ್ಣು ಬೇರೆ ಇರುವ ಇಂಡಿಯಲ್ಲಿ ದಿನಕ್ಕೆ ಮೂರು ಹೊಲ ನೋಡಿದವನು, ನನ್ನದೇ ಮಣ್ಣು, ನನ್ನದೇ ಮಳೆ ಶುರುವಾದ ಕಡೆ ತಲೆ ಬಗ್ಗಿಸಿ ತುಳಿಯುತ್ತಿದ್ದೆ.

ಅವತ್ತು ನಿಯಮ ಮಾಡಿಕೊಂಡೆ. ಮನೆ ಬಾಗಿಲು ಮುಟ್ಟುವವರೆಗೂ ದಿನಕ್ಕೆ ಎರಡು ಹೊಲವಾದರೂ ನಿಂತು ನೋಡಬೇಕು.

ಜಗಳೂರಿನ ಹೊಲ

ಇವತ್ತು ಮಧ್ಯಾಹ್ನ, ಜಗಳೂರು ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ರಸ್ತೆ ಪಕ್ಕದ ಕಣದಲ್ಲಿ ಗಂಡ ಹೆಂಡತಿ ತೊಗರಿ ಬಡಿಯುತ್ತಿದ್ದರು. ನಿಂತೆ. ಈ ರಸ್ತೆಯಲ್ಲಿ ಅಕ್ಕನ ಮನೆಗೆ ಅಂತ ಬಸ್ಸಿನಲ್ಲಿ ನೂರು ಸಲ ಹೋಗಿದ್ದೇನೆ, ಈ ಹೊಲ ಕಂಡಿರಲಿಲ್ಲ. ಸುತ್ತ ನಾಲ್ಕೂ ಕಡೆ ಮೆಕ್ಕೆಜೋಳದ ಕೂಳೆ. ಇವರದು ಐದು ಎಕರೆ ಕೆಂಪು ನೆಲ, ಬೋರು ಇಲ್ಲ, ಯಾವತ್ತೂ ಕೊರೆಸಿಲ್ಲ.

ಶೇಂಗಾದಲ್ಲಿ ತೊಗರಿ ಅಕ್ಕಡಿ, ನಡುನಡುವೆ ಅಲಸಂದೆ, ಸಜ್ಜೆ. ಬದುವಿನ ಗುಂಟ ಹರಳು. ಇಳಿಜಾರಿಗೆ ಅಡ್ಡ ಬಿತ್ತನೆ. ಬದುವಿಗೆ ಕಲ್ಲಿನ ಕೋಡಿ, ಹುನಗುಂದದ್ದಕ್ಕಿಂತ ಚಿಕ್ಕದು, ಕೆಲಸ ಅದೇ. ಕೋಡಿಯ ನೀರು ಮೂಲೆಯ ಹೊಂಡಕ್ಕೆ. ಬೇಸಿಗೆಯಲ್ಲಿ ಕುರಿ ಮಂದೆ ಹಾಕಿಸುತ್ತಾರೆ. ಹನ್ನೆರಡು ಕುರಿ ಸ್ವಂತದ್ದು.

"2023ರ ಬರಕ್ಕೆ ಏನಾಯ್ತಕ್ಕಾ?" ಅಂತ ಕೇಳಿದೆ.

"ಶೇಂಗಾ ಹೋತಪ್ಪಾ, ಮೇವಾತು. ತೊಗರಿ ಮೂರು ಚೀಲ ಬಂತು, ಹರಳು ಎರಡು ಚೀಲ. ನಾಕು ಟಗರು ಮಾರಿದ್ವಿ. ಸಾಲ ಮಾಡ್ಲಿಲ್ಲ" ಅಂದರು.

ಸಾಲ ಮಾಡ್ಲಿಲ್ಲ. 900 ಕಿಲೋಮೀಟರಿನಲ್ಲಿ ನಾನು ಕೇಳಲು ಹೋಗಿದ್ದು ಈ ಒಂದು ಮಾತು. ಅದು ಸಿಕ್ಕಿದ್ದು ನಮ್ಮ ಮನೆಯಿಂದ ಒಂದು ದಿನದ ದಾರಿಯಲ್ಲಿ. ಅವರು ಶ್ರೀಮಂತರಲ್ಲ. ಮನೆ ಹಂಚಿನದು, ಮಗಳ ಮದುವೆಗೆ ಅರ್ಧ ಎಕರೆ ಮಾರಿದ್ದಾರೆ. ಆದರೆ ಮಗ ಊರಲ್ಲೇ ಇದ್ದಾನೆ, ಕುರಿ ಅವನ ಜವಾಬ್ದಾರಿ, ಕುರಿಯ ದುಡ್ಡೂ ಅವನ ಕೈಯಲ್ಲೇ. ಇದನ್ನು ಎರಡು ಸಲ ಕೇಳಿ ಬರೆದುಕೊಂಡೆ.

ಹಾಗಾದರೆ ಅಷ್ಟು ದೂರ ಹೋಗಿದ್ದು ದಂಡವಾ? ನನಗೆ ಹಾಗನ್ನಿಸುವುದಿಲ್ಲ. ಹುನಗುಂದದಲ್ಲಿ ಕೋಡಿ ನೋಡಿರದಿದ್ದರೆ ಜಗಳೂರಿನ ಕೋಡಿ ನನಗೆ ಬರೀ ಕಲ್ಲಿನ ರಾಶಿಯಾಗಿ ಕಾಣುತ್ತಿತ್ತು. ಇಂಡಿಯ ಯಜಮಾನರ ಮಾತು ಕೇಳಿರದಿದ್ದರೆ ಕುರಿಯ ದುಡ್ಡು ಯಾರ ಕೈಯಲ್ಲಿ ಅಂತ ಕೇಳುತ್ತಲೇ ಇರಲಿಲ್ಲ. ದೂರ ಹೋದದ್ದು ಕಣ್ಣು ತಿದ್ದಿಸಿಕೊಳ್ಳಲು. ಆ ಕಣ್ಣಿನಿಂದ ನೋಡಬೇಕಾದ್ದು ಹತ್ತಿರದ್ದನ್ನು.

ನನ್ನ ಅಭಿಪ್ರಾಯ

ಒಂದು, ಮಳೆಯಾಶ್ರಿತ ರೈತ ನೋಡಬೇಕಾದ್ದು ತನ್ನಷ್ಟೇ ಮಳೆ, ತನ್ನಂಥದೇ ಮಣ್ಣು ಇರುವವನ ಹೊಲವನ್ನು. ನೀರಾವರಿ ತೋಟ ನೋಡಿ ಬಂದರೆ ಬರುವುದು ಹೊಟ್ಟೆಕಿಚ್ಚು, ಆಮೇಲೆ ಬೋರ್ ಲಾರಿ.

ಎರಡು, ಬರದ ವರ್ಷದ ಲೆಕ್ಕ ಕೇಳಬೇಕು. ಒಳ್ಳೇ ವರ್ಷದಲ್ಲಿ ಎಲ್ಲರ ಹೊಲವೂ ಚೆಂದ. "2023ರಲ್ಲಿ ಏನು ಮಾಡಿದ್ರಿ?" ಅಂತ ಕೇಳಿ, ಬೇಸಾಯ ಗೊತ್ತಾಗುತ್ತದೆ.

ಮೂರು, ಮಳೆ ಲೆಕ್ಕ ನಾವೇ ಹಾಕಬೇಕು. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಸುಮಾರು 4,000 ಲೀಟರ್ ನೀರು. ನಮ್ಮ ಚಳ್ಳಕೆರೆ ರಾಜ್ಯದಲ್ಲೇ ಕಡಿಮೆ ಮಳೆಯ ಸೀಮೆ. ವರ್ಷಕ್ಕೆ 450 ಮಿಲಿಮೀಟರ್ ಅಂತ ಹಿಡಿದರೂ ಎಕರೆಗೆ 18 ಲಕ್ಷ ಲೀಟರ್ ಆಯಿತು. 6,000 ಲೀಟರಿನ ಟ್ಯಾಂಕರಿನಲ್ಲಿ ತಂದರೆ 300 ಟ್ಯಾಂಕರ್. ಪೂರ್ತಿ ಹಿಡಿಯಲು ಆಗುವುದಿಲ್ಲ, ಆವಿಯಾಗಿ ಹೋಗುವುದು ಹೋಗುತ್ತದೆ. ಆದರೆ ನಮ್ಮ ಇಳಿಜಾರಿನಿಂದ ಕೆಂಪಗೆ ಓಡಿ ಹಳ್ಳ ಸೇರುವ ನೀರು ನಮ್ಮದೇ. ಅದನ್ನು ಬಿಟ್ಟುಕೊಟ್ಟು ಸಾವಿರ ಅಡಿ ಕೆಳಗೆ ಹುಡುಕುವುದು ಯಾವ ಲೆಕ್ಕ?

ನಾಲ್ಕು, ಇದಕ್ಕೆ ತಿಂಗಳು ಬೇಕಿಲ್ಲ. ಮೂರು ದಿನ ಸಾಕು. ನಿಮ್ಮ ತಾಲ್ಲೂಕು, ಪಕ್ಕದ ತಾಲ್ಲೂಕು. ಸೈಕಲ್ಲೋ, ನಡಿಗೆಯೋ. ಒಬ್ಬನೇ ಹೋಗಿ. ಕೊನೆಯ ದಿನ ಊರು ಹತ್ತಿರ ಬಂದಾಗ ಅವಸರ ಮಾಡಬೇಡಿ, ಅವತ್ತೇ ಹೆಚ್ಚು ನಿಲ್ಲಿ.

ಮಗನಿಗೆ ಏನು ಹೇಳುತ್ತೇನೆ

ಸಂಜೆ ಫೋನ್ ಮಾಡಿದ್ದ. "ಅಪ್ಪಾ, ಬೋರ್ ಲಾರಿಯವನು ಅಡ್ವಾನ್ಸ್ ಕೇಳ್ತಿದಾನೆ" ಅಂದ. ನಾಳೆ ಬಂದು ಮಾತಾಡ್ತೀನಿ ಅಂದೆ.

ಬೇಡ ಅಂತ ಹೇಳುವುದಿಲ್ಲ. ಬೇಡ ಅನ್ನುವ ಅಪ್ಪನಿಂದ ದೂರ ಹೋಗಲು ಮಗನಿಗೆ ಬೆಂಗಳೂರಿನ ಬಸ್ಸು ದಿನಾ ಸಿಗುತ್ತದೆ. ಒಂದು ದಿನ ನನ್ನ ಜೊತೆ ಜಗಳೂರಿಗೆ ಬಾ ಅನ್ನುತ್ತೇನೆ. ಕಣದಲ್ಲಿ ಕುಂತು ಅವರ ಮಗನ ಹತ್ತಿರ ಅವನೇ ಕೇಳಲಿ. ಮೂರನೇ ಬೋರಿಗೆ ಹಾಕಿದಷ್ಟೇ ದುಡ್ಡಿನಲ್ಲಿ ನಾಲ್ಕು ಎಕರೆ ಇಳಿಜಾರಿಗೆ ಬದು ಸರಿಮಾಡಿ ಕೋಡಿ ಇಡಬಹುದು, ಮೂಲೆಗೆ ಒಂದು ಹೊಂಡ ತೋಡಬಹುದು, ಉಳಿದದ್ದರಲ್ಲಿ ಕುರಿ ತರಬಹುದು. ಅದೂ ಸಾಲವೇ, ಆದರೆ ಕುರಿ ಮಾರಿದರೆ ದುಡ್ಡು ಬರುತ್ತದೆ, ತೂತು ಮಾರಲು ಬರುವುದಿಲ್ಲ. ಕುರಿ, ಹೊಂಡ, ಅದರ ದುಡ್ಡು ಎಲ್ಲಾ ಅವನ ಹೆಸರಿಗೆ. ಇಷ್ಟು ನೋಡಿಯೂ ಅವನು ಬೋರೇ ಬೇಕು ಅಂದರೆ ಅಡದ ಕಾಗದಕ್ಕೆ ಸಹಿ ಹಾಕುತ್ತೇನೆ. ಮನಸ್ಸಿಗೆ ಒಪ್ಪಿ ಹಾಕುತ್ತೇನೆ ಅಂತ ಹೇಳಲಾರೆ.

ಚೈನಿಗೆ ಎಣ್ಣೆ ಬಿಟ್ಟು ಮಲಗಬೇಕು. ನಾಳೆಯ ದಾರಿಯಲ್ಲಿ ಎರಡು ಹೊಲ ಬಾಕಿ ಇವೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆ ಬೋರಿಲ್ಲದೆ 2023 ದಾಟಿದ ರೈತರು ಯಾರಿದ್ದರೂ ಈ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ನಾನು ಬರುತ್ತೇನೆ. ಆ ಸಲ ಇಬ್ಬರು ಬಂದರೆ ನನಗಿಂತ ಸಂತೋಷಪಡುವವರು ಇಲ್ಲ.